ಎಡಕ್ಕೆ ಸುತ್ತಿದ ತಂತಿ

"ಏ, ಏ, ಏ! ನೆಕ್ಕಬ್ಯಾಡ್ರೀ ಅದನ್ನ!"

ಹೆಡ್ ಕಾನ್‌ಸ್ಟೇಬಲ್ ಜಂಗ್ಲಿಸಾಬ್ ಹೊಡೆದ ಕೂಗಿಗೆ ಮಸ್ಕಿ ಗುಡ್ಡದ ಮೇಲಿನ ಕೋತಿಗಳು ಮರಿಗಳನ್ನು ಹೊಟ್ಟೆಗೆ ಅವುಚಿಕೊಂಡು ಆಚೆ ಮಗ್ಗುಲಿಗೆ ವಲಸೆ ಹೋದವು. ಠಾಣೆಯ ಹಿತ್ತಿಲ ಬೇವಿನಮರ ಅರ್ಧ ಬೋಳಾಯಿತು. ಆದರೆ ಪತ್ತೇದಾರ ಅಮರಗುಂಡಪ್ಪನ ನಾಲಿಗೆ ಅಷ್ಟರಲ್ಲಿ ಗಾಲಿ ಮುಟ್ಟಿ ವಾಪಸು ಬಂದಿತ್ತು.

ನುಜ್ಜುಗುಜ್ಜಾದ ಲಾರಿಯ ಬಲಗಡೆ ಮುಂಗಾಲಿಯ ಪಕ್ಕ ಅವನು ಬೋರಲು ಮಲಗಿದ್ದ. ನಾಲಿಗೆಯ ತುದಿ ಕೆಂಡ ಮುಟ್ಟಿದ ಹಾಗೆ ಉರಿಯುತ್ತಿತ್ತು.

"ಸುಣ್ಣ" ಎಂದ, ನಾಲಿಗೆಯನ್ನು ಗಾಳಿಗೆ ಹಿಡಿದು.

"ಮುದ್ದೆಮಾಲ್ರೀ ಅದು! ನಾಳೆ ಕೋರ್ಟಿಗೆ ತೋರಸೋ ಸಾಮಾನು! ನೀವು ನೆಕ್ಕಿ ಸ್ವಚ್ಛ ಮಾಡಿದ್ರ ಪಂಚನಾಮಿಯೊಳಗ ಏನಂತ ಬರೀಲಿ ನಾನು? ಸಾಕ್ಷಿ ರುಚಿ ಇತ್ತು ಅಂತ ಬರೀಲ್ಯಾ?"

"ಬರಿ. ಲವಂಗನೂ ಹಾಕಿದ್ರು ಅಂತ ಸೇರ್ಸಿ ಬರಿ."

ಜಂಗ್ಲಿಸಾಬನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ನೊಣ ಒಳಗೆ ಹೋಗಿ ಊರೆಲ್ಲ ನೋಡಿಕೊಂಡು ಹೊರಗೆ ಬಂತು.

ನಂಬುವವರು ನಂಬಲಿ. ಅಮರಗುಂಡಪ್ಪ ಪೊಲೀಸ್ ವ್ಯಾನು ಓಡಿಸುತ್ತಿದ್ದ ಕಾಲದಲ್ಲಿ ಒಂದು ಸಲ ಹಾರ್ನ್ ಹೊಡೆದರೆ ಕಳ್ಳರು ತಾವಾಗಿಯೇ ಬಂದು ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವನ ಮೀಸೆಯ ಒಂದು ತುದಿ ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿದ್ದರೆ ಇನ್ನೊಂದು ಗೊರೇಬಾಳದ ಕಾಲುವೆ ದಾಟುತ್ತಿತ್ತು. ನೌಕರಿ ಬಿಟ್ಟು ಪತ್ತೇದಾರಿಕೆ ಹಿಡಿದ ಮೇಲೆ ಕಳೆದುಹೋದ ಕೋಳಿಗಳು ಕೂಡ ಅವನ ಹೆಸರು ಕೇಳಿ ಗೂಡಿಗೆ ಮರಳುತ್ತಿದ್ದವು.

ಅಂಥವನ ಬೆನ್ನು ಇವತ್ತು ತೊಯ್ದು ತೊಪ್ಪೆಯಾಗಿತ್ತು. ನಾಳೆ ಬೆಳಗಾದರೆ ಡ್ರೈವರ್ ದುರುಗಪ್ಪನ ಕೊಲೆಗಾಗಿ ಸಿಂಧನೂರಿನ ಗ್ಯಾರೇಜ್ ಮಿಸ್ತ್ರಿ ಉಸ್ಮಾನ್‌ಸಾಬನನ್ನು ಲಿಂಗಸುಗೂರಿನ ಕೋರ್ಟಿನಲ್ಲಿ ನಿಲ್ಲಿಸುತ್ತಾರೆ. "ನಿನ್ನ ಗಂಡನ್ನ ಕರಕೊಂಡ ಬರ್ತೀನಿ ತಂಗಿ" ಎಂದು ಮಿಸ್ತ್ರಿಯ ಹೆಂಡತಿ ದಾವಲ್‌ಬೀಗೆ ಮಾತು ಕೊಟ್ಟವನು ಅಮರಗುಂಡಪ್ಪ. ಮಾತು ಕೊಟ್ಟದ್ದು ಸಣ್ಣ ದನಿಯಲ್ಲೇನೂ ಅಲ್ಲ. ಇಡೀ ಓಣಿ ಕೇಳಿತ್ತು.

ಲಾರಿ ಗೊರೇಬಾಳದ ಗದ್ದೆಮ್ಮನದು. ಮಿಲಿಟ್ರಿ ಹರಾಜಿನಲ್ಲಿ ಹಿಡಿದ ಹಳೆಯ ಫೋರ್-ವೀಲ್ ಗಾಡಿ. "ಎಪ್ಪತ್ತೊಂದರ ಯುದ್ಧಕ್ಕ ಇದೊಂದ ಸಾಕಿತ್ತು, ಸುಮ್ಸುಮ್ನ ಇಮಾನ ಕಳಿಸಿದ್ರು" ಎಂದು ಅವಳು ಊರ ತುಂಬ ಹೇಳಿಕೊಂಡು ತಿರುಗಿದವಳು. ಕಾಲುವೆ ಕೆಳಗಿನ ಗದ್ದೆಗಳ ಕೆಸರಿನಲ್ಲಿ ಟ್ರ್ಯಾಕ್ಟರುಗಳು ಹೊಟ್ಟೆಮಟ್ಟ ಹೂತು ಅಳುವಾಗ ಈ ಲಾರಿ ನಾಲ್ಕೂ ಗಾಲಿ ಒದ್ದು, ಬೆನ್ನ ಮೇಲೆ ಹುಲ್ಲಿನ ಗುಡ್ಡ ಹೊತ್ತು, ಎದ್ದು ಬರುತ್ತಿತ್ತು.

ಅದರ ಮುಂದಿನ ಆಕ್ಸಲ್ ಮುರಿಯಿತು. ಉಸ್ಮಾನ್‌ಸಾಬ್ ಅದನ್ನು ಕಿತ್ತುಹಾಕಿ, ಲಿಂಗಸುಗೂರಿನ ಕರಿಬಸಯ್ಯನ ಗುಜರಿಯಿಂದ ಬಂದ ಬೇರೊಂದು ಆಕ್ಸಲನ್ನು ಹಬ್ ಲಾಕ್ ಸಮೇತ ಕೂರಿಸಿದ. ಆ ವಾರವೇ ದುರುಗಪ್ಪ ಪಾಮನಕಲ್ಲೂರಿನಲ್ಲಿ ಭತ್ತದ ಹುಲ್ಲು ಇಳಿಸಿ ಖಾಲಿ ಗಾಡಿಯಲ್ಲಿ ಬರುತ್ತ, ಮಸ್ಕಿಯ ಹತ್ತಿರದ ಇಳಿಜಾರಿನಲ್ಲಿ ಸ್ಟೇರಿಂಗ್ ತಿರುಗಿಸಿದ.

ಗಾಡಿ ತಿರುಗಲಿಲ್ಲ.

"ಇನ್ನೊಮ್ಮಿ ಹೇಳ್ರಿ" ಎಂದ ಜಂಗ್ಲಿಸಾಬ್, ಟೋಪಿ ತೆಗೆದು ತಲೆ ಕೆರೆದುಕೊಂಡು. "ಈ ಹಬ್ ಲಾಕ್ ಅಂಬೋದು ನನ್ನ ತಲಿಗೆ ಹತ್ತವಲ್ದು."

"ನೋಡಲೇ. ಗಾಲಿ ನಡುವ ಈ ಹಿತ್ತಾಳಿ ಬಿಲ್ಲೆ ಐತಲ್ಲ? ಇದು ಲಾಕ್ ಮ್ಯಾಲ ಇದ್ರ ಗಾಲಿಗೂ ಆಕ್ಸಲಿಗೂ ಲಗ್ನ ಆತು. ಫ್ರೀ ಮ್ಯಾಲ ಇದ್ರ ಸೋಡಚೀಟಿ. ಕೆಸರಿಗೆ ಇಳಿಯೋಮುಂದ ಡ್ರೈವರ್ ಕೆಳಗ ಇಳಿದು ಎರಡೂ ಗಾಲಿ ತಿರುವಿ ಲಗ್ನ ಮಾಡಸ್ತಾನ. ಡಾಂಬರಿಗೆ ಹತ್ತೋಮುಂದ ಬಿಡಸ್ತಾನ."

"ಡಾಂಬರಿನ ಮ್ಯಾಲೂ ಸಂಸಾರ ಮಾಡಿದ್ರ?"

"ಬ್ಯಾರೆ ಗಾಡಿಯಾಗಾದ್ರ ಟೈರ್ ಸವೀತಾವು. ಇದರಾಗ ಹೆಣ ಬೀಳ್ತೈತಿ. ಆ ಗುಜರಿ ಆಕ್ಸಲ್ ಬ್ಯಾರೆ ಜಾತಿ ಗಾಡಿದು. ಒಳಗಿನ ಹಲ್ಲು ಹಿಂದಿನ ಆಕ್ಸಲಿಗೆ ಕೂಡಂಗಿಲ್ಲ. ಮುಂದಿನ ಗಾಲಿ ಓಡ್ತೀನಿ ಅಂತಾವು, ಹಿಂದಿನವು ನಡೀತೀನಿ ಅಂತಾವು. ಒಂದ ನೊಗಕ್ಕ ಹೋರಿ, ಎಮ್ಮಿ ಕಟ್ಟಿದಂಗ. ಕೆಸರಿನಾಗ ಜಾರಿ ಹೊಂದ್ಕೊಂಡು ಹೋಗ್ತಾವು. ಡಾಂಬರಿನ ಮ್ಯಾಲ ಜಗಳ ಹತ್ತಿ, ಸ್ಟೇರಿಂಗ್ ಬಿಗಿದು, ಜಾಯಿಂಟ್ ಮುರೀತೈತಿ."

"ಹಂಗಾದ್ರ ಅಂಥಾ ಆಕ್ಸಲ್ ಹಾಕಿದಾವಂದ ತಪ್ಪಲ್ಲೇನ್ರಿ? ನಮ್ಮ ಸಾಹೇಬ್ರೂ ಅದನ್ನ ಅನ್ನಾಕತ್ತಾರ. ದುರುಗಪ್ಪಗೂ ಮಿಸ್ತ್ರಿಗೂ ಹಿಂದಿನ ದಿನ ಜಗಳ ಆಗಿತ್ತಂತ. ಆ ಸಿಟ್ಟಿಗೆ ತಾನ ಲಾಕ್ ಮಾಡಿ ಕಳಿಸ್ಯಾನ ಅಂತಾರ."

"ಫ್ರೀ ಮ್ಯಾಲ ಇಟ್ಟು, ತಿರುಗಬಾರದಂತ ತಂತಿ ಬಿಗಿದು ಕಳಿಸ್ಯಾನಲೇ! ಬ್ಯಾರೆ ಆಕ್ಸಲ್ ಸಿಗೋತನಕ ಕೆಸರಿಗೆ ಇಳಿಸಬ್ಯಾಡ್ರಿ, ಬಿಲ್ಲೆ ಮುಟ್ಟಬ್ಯಾಡ್ರಿ ಅಂತ ಗದ್ದೆಮ್ಮಗ, ದುರುಗಪ್ಪಗ ಇಬ್ಬರಿಗೂ ಆಣಿ ಹಾಕ್ಸ್ಯಾನ. ಒಳಗಿನ ಫೋರ್-ವೀಲ್ ಗೇರ್ ಕಡ್ಡಿ ಜಂಗ ಹಿಡದು ಸಿಕ್ಕೊಂಡು ಕುಂತೈತಿ, ಹಿಂದಕ್ಕ ಬರಂಗಿಲ್ಲ. ಅಂದಮ್ಯಾಲ ಯಾವನಾರ ಈ ಎರಡು ಬಿಲ್ಲೆ ತಿರುವಿದ್ರ ಸಾಕು. ಡ್ರೈವರ್ ಕೈಯಾಗ ಏನೂ ಇರಂಗಿಲ್ಲ."

ಎರಡು ಬಿಲ್ಲೆ. ಕೈಯ ಎರಡು ತಿರುವು. ಒಬ್ಬ ಮನುಷ್ಯ ಒಂದು ಬಸಿ ಚಹಾ ಊದಿ ಕುಡಿಯುವಷ್ಟರಲ್ಲಿ ಅವನ ಸಾವನ್ನು ಅವನದೇ ಗಾಡಿಗೆ ಹೂಡಿ ಹೋಗಬಹುದು. ಇಂಥ ಕೊಲೆಯನ್ನು ಅವನು ಕನಸಿನಲ್ಲೂ ಕಂಡಿರಲಿಲ್ಲ, ಅವನ ಕನಸುಗಳಲ್ಲಿ ಬೀಳುವ ಹೆಣಗಳಿಗೆ ಮಸ್ಕಿಯ ಮಸಣ ಸಾಲದಾದರೂ.

ಬಿಲ್ಲೆಯ ನಡುವೆ ಒಂದು ಗೀರುಗಂಡಿ ಇತ್ತು. ನಾಣ್ಯದ ಅಂಚೋ ಏನೋ ಒಂದನ್ನು ಅದರಲ್ಲಿ ತುರುಕಿ ತಿರುವಬೇಕು. ಸುಣ್ಣ ಮೆತ್ತಿದ್ದು ಆ ಗಂಡಿಯೊಳಗೆ. ಅದರ ಪಕ್ಕದ ಬೋಲ್ಟಿನ ಹಿಂದಿನ ಗ್ರೀಸಿನಲ್ಲಿ ಏನೋ ಮಿಂಚಿತು. ಉಗುರಿನಿಂದ ಕೆದರಿದ. ಹಿತ್ತಾಳೆ ತಂತಿಯ ಒಂದು ಚೂರು, ಕತ್ತರಿಸಿದ್ದು. ಸುರುಳಿಯ ಸಂದಿಯಲ್ಲಿ ಕುಂಕುಮ.

"ಯಾ ಅಲ್ಲಾ" ಎಂದ ಜಂಗ್ಲಿಸಾಬ್, ಗಕ್ಕನೆ ಕುಕ್ಕರಗಾಲಲ್ಲಿ ಕೂತು. "ಇದು ದುರುಗಪ್ಪನ ಏಕತಾರಿ ತಂತಿ ಅಲ್ಲೇನ್ರಿ?"

ಹೌದು. ಲಾಕಪ್ಪಿನಲ್ಲಿ ಉಸ್ಮಾನ್‌ಸಾಬ್ ಹೇಳಿದ್ದೂ ಇದನ್ನೇ. ಆವತ್ತು ಗ್ಯಾರೇಜಿನಲ್ಲಿ ತಂತಿ ತೀರಿತ್ತು. ದುರುಗಪ್ಪ ಲಾರಿಯ ಸೀಟಿನ ಹಿಂದಿನಿಂದ ತನ್ನ ಏಕತಾರಿ ತೆಗೆದ. ಅದಕ್ಕೆ ಅವನು ಅಮಾಸಿ ಅಮಾಸಿಗೆ ಕುಂಕುಮ ಹಚ್ಚುತ್ತಿದ್ದ. ಅವನು ಅದನ್ನು ಮೀಟಿ ತತ್ವಪದ ಹಾಡಿದರೆ ಮುದಗಲ್ಲಿನ ಕೋಟೆಯ ಕಲ್ಲುಗಳು ತಲೆದೂಗುತ್ತಿದ್ದವು. ಅದರ ತಂತಿಯನ್ನೇ ಬಿಚ್ಚಿ ಕೊಟ್ಟ. "ತಗೋ ಮಿಸ್ತ್ರಿ, ಎರಡ ತುಂಡ ಮಾಡಿ ಎರಡೂ ಗಾಲಿಗೆ ಬಿಗಿ. ಹಾಡು ನಾಕ ದಿನ ಸುಮ್ನಿರಲಿ."

ಚೂರು ಎಡಕ್ಕೆ ಹೊಸೆದಿತ್ತು. ಉಸ್ಮಾನ್‌ಸಾಬ್ ಎಡಚ. ಅವನು ಬಿಗಿದ ತಂತಿಯನ್ನು ಬೇರೆಯವರು ಬಿಚ್ಚಲು ಹೋದರೆ ಅದು ಇನ್ನಷ್ಟು ಬಿಗಿಯುತ್ತಿತ್ತು. ಸಿಂಧನೂರಿನ ಮಿಸ್ತ್ರಿಗಳೆಲ್ಲ ಅವನಿಗೆ ಶಾಪ ಹಾಕುತ್ತ ಕತ್ತರಿಸಿಯೇ ತೆಗೆಯುತ್ತಿದ್ದರು.

ಅಮರಗುಂಡಪ್ಪ ಚೂರನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಎಡಗಡೆ ಗಾಲಿಗೆ ಸುತ್ತಿ ಬಂದ. ಅಲ್ಲಿಯ ಬಿಲ್ಲೆಯೂ ಲಾಕ್ ಮೇಲೆಯೇ. ಆದರೆ ಅಲ್ಲಿ ಸುಣ್ಣವಿಲ್ಲ, ಕೆರೆದ ಗುರುತಿಲ್ಲ, ತಂತಿಯ ಚೂರೂ ಇಲ್ಲ.

"ಇಲ್ಲ್ಯಾಕ್ರಿ ಏನೂ ಇಲ್ಲ?"

"ಕಲತಾನಲೇ. ಮೊದಲನೇ ಗಾಲಿಯಾಗ ಹೊಲಸು ಮಾಡ್ಯಾನ. ಎರಡನೇದಕ್ಕ ಬರೋದ್ರಾಗ ಕೈ ಕುಂತೈತಿ."

ಎಂದೂ ತಪ್ಪದ ಬುದ್ಧಿ ಆ ಹೊತ್ತು ಹಾಗೆ ನುಡಿಯಿತು. ಸಂಜೆಯೊಳಗೆ ಆ ಮಾತನ್ನು ಅವನು ವಾಪಸು ನುಂಗಬೇಕಾಗಿ ಬಂತು. ಅದು ಸುಣ್ಣಕ್ಕಿಂತ ಹೆಚ್ಚು ಸುಟ್ಟಿತು.

"ಅಲ್ರಿ, ಸುಣ್ಣ ಎಲ್ರೂ ತಿಂತಾರ. ನನ್ನ ಕಿಸೆದಾಗೂ ಐತಿ. ನನ್ನೂ ಹಿಡಕೊಂಡು ಹೋಗ್ತೀರೇನು?"

"ಲವಂಗ ಅರದು ಸುಣ್ಣಕ್ಕ ಹಾಕೋ ಷೋಕಿ ಈ ಮೂರೂ ಊರಾಗ ಒಬ್ಬಂವಗ ಐತಿ." ಅಮರಗುಂಡಪ್ಪ ಮೀಸೆಗೆ ಅಂಟಿದ ಮಣ್ಣು ಕೊಡವಿದ. ಎರಡು ಬುಟ್ಟಿಯಷ್ಟು ಬಿತ್ತು. "ಆಕ್ಸಲ್ ಮಾರಿದಂವಗ."

*

ಲಿಂಗಸುಗೂರಿನ ಕೆಂಪು ಬಸ್ಸು ಎಷ್ಟು ತುಂಬಿತ್ತೆಂದರೆ ಕಂಡಕ್ಟರ್ ಹೊರಗೆ ನೇತಾಡಿ ಕಿಟಕಿಯಿಂದ ಟಿಕೆಟ್ ಕೊಡುತ್ತಿದ್ದ. ಅಮರಗುಂಡಪ್ಪ ಇಳಿದಾಗ ಅವನ ಒಂದು ಚಪ್ಪಲಿ ಮಾತ್ರ ಅವನದಾಗಿತ್ತು. ಹಾಗೇ ನಡೆದ.

ಕರಿಬಸಯ್ಯನ ಗುಜರಿಯಲ್ಲಿ ಯುದ್ಧ ಒಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು. ಮಿಲಿಟ್ರಿ ಟೋಪಿಗಳ ಗುಡ್ಡೆ, ಟೈರುಗಳ ಗೋಪುರ, ಸಾಲಾಗಿ ಮಲಗಿದ ಆಕ್ಸಲುಗಳು. ತಗಡಿನ ಮೇಲೆ ಬಣ್ಣದಲ್ಲಿ ಬರೆದ ಬೋರ್ಡು: ಮುರಿದ ಮಾಲು ವಾಪಸ್ ಇಲ್ಲ. ಅದರ ಕೆಳಗೆ ಮಿಲಿಟ್ರಿಯ ಮದ್ದುಗುಂಡಿನ ಪೆಟ್ಟಿಗೆಯ ಮೇಲೆ ಅಯ್ಯನವರು ಪದ್ಮಾಸನ ಹಾಕಿ, ಅಡಕತ್ತರಿಯಲ್ಲಿ ಅಡಿಕೆ ಹೋಳು ಮಾಡುತ್ತ ಕೂತಿದ್ದರು. ಮೈಗಾತ್ರಕ್ಕೆ ಪೆಟ್ಟಿಗೆ ನರಳುತ್ತಿತ್ತು.

"ಬಾ ಬಾ ಅಮರಗುಂಡಪ್ಪ! ತೋಪಿನ ಗಾಲಿ ಬಂದಾವು, ಒಯ್ತಿಯೇನು? ನಿನ್ನ ಮೀಸಿ ಇಟ್ಟು ಎಳೀಬೌದು."

"ಒಂದು ಎಲಿ ಹಾಕ್ಕೊಂಡು ಹೋಗೋಣಂತ ಬಂದೆ ಅಯ್ಯನೋರ."

ಎಲೆಯ ತಟ್ಟೆ ಬಂತು. ಬೆಳ್ಳಿಯ ಸುಣ್ಣದ ಡಬ್ಬಿ ಬಂತು. ಅಮರಗುಂಡಪ್ಪ ಎಲೆ ಬಿಟ್ಟು ಬರೀ ಸುಣ್ಣವನ್ನು ಬೆರಳಲ್ಲಿ ತೆಗೆದು, ಸುಟ್ಟಿದ್ದ ನಾಲಿಗೆಯ ಮೇಲೆ ಇನ್ನೊಮ್ಮೆ ಇಟ್ಟ. ಕಣ್ಣಲ್ಲಿ ತುಂಗಭದ್ರೆ ಹರಿದಳು. ಲವಂಗ. ಅದೇ.

"ಅಡಕತ್ತರಿ ಕೊಡ್ರಿ ಇಲ್ಲಿ."

"ಯಾಕೋ?"

"ಕೊಡ್ರಿ ಅಂದೆ."

ದನಿ ಬದಲಾದದ್ದು ಅಯ್ಯನವರ ಕಿವಿಗೆ ಬಿತ್ತು. ಕೊಟ್ಟರು. ಅಡಕತ್ತರಿಯ ಅಲಗಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದಿತ್ತು, ಇಲಿ ಕಡಿದ ಹಾಗೆ. ಅಮರಗುಂಡಪ್ಪ ಬೆಂಕಿಪೊಟ್ಟಣ ತೆರೆದು ತಂತಿಯ ಚೂರನ್ನು ಆ ಕಚ್ಚಿನೊಳಗೆ ಇಟ್ಟ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

"ಅಡಕಿ ಗಟ್ಟಿ ಇರ್ತೈತಿ ಖರೆ" ಎಂದ. "ಇಷ್ಟು ಗಟ್ಟಿ ಇರ್ತೈತೇನ್ರಿ?"

ಕರಿಬಸಯ್ಯನ ಕವಳ ದವಡೆಯಲ್ಲಿ ನಿಂತಿತು.

"ಅದು ಹಂಗಲ್ಲೋ ತಮ್ಮಾ..."

"ಹೆಂಗ್ರಿ ಮತ್ತ? ಒಬ್ಬಂವ ಸತ್ತಾನ. ಇನ್ನೊಬ್ಬಂವ ನಿಮ್ಮೂರ ಲಾಕಪ್ಪಿನಾಗ ಕುಂತಾನ, ಈ ಅಂಗಡಿಯಿಂದ ಕೂಗಿದ್ರ ಕೇಳ್ತೈತಿ. ಕೂಗ್ಲೇನು?"

"ಕೂಗಬ್ಯಾಡ! ಕೂಗಬ್ಯಾಡೋ!" ಅಯ್ಯನವರು ಎರಡೂ ಕೈ ಮುಂದೆ ಮಾಡಿದರು. "ಗದ್ದೆಮ್ಮ ಆಕ್ಸಲ್ ವಾಪಸ್ ತರ್ತೀನಿ ಅಂದ್ಲು. ಹಲ್ಲು ಕೂಡಂಗಿಲ್ಲ, ತಗೋಬೇಕು ನೀನು ಅಂತ ಇದ ಬಾಗಿಲದಾಗ ನಿಂತು ಹೊಯ್ಕೊಂಡ್ಲು. ನಾ ಏನ್ ಮಾಡ್ಲಿ? ಮುರದ್ರ ವಾಪಸ್ ತಗೊಳ್ಳೋದು ಬ್ಯಾಡಲ್ಲ?"

ಅಮರಗುಂಡಪ್ಪ ಮೇಲಿನ ಬೋರ್ಡನ್ನು ನೋಡಿದ. ಇನ್ನೊಮ್ಮೆ ನೋಡಿದ. ಹೊಲಕ್ಕಾಗಿ, ಹೆಣ್ಣಿಗಾಗಿ, ಹಗೆಗಾಗಿ ಕೊಂದವರನ್ನು ಅವನು ವ್ಯಾನು ತುಂಬ ಹೊತ್ತು ತಂದಿದ್ದ. ಒಂದು ತಗಡಿನ ಬೋರ್ಡಿನ ಮಾತು ಉಳಿಸಲಿಕ್ಕೆ ಗಾಲಿ ತಿರುವಿದವನನ್ನು ಇವತ್ತೇ ನೋಡಿದ್ದು.

"ಗಾಡಿ ಅಲ್ಲೇ ಸಪಾಟ ರೋಡಿನಾಗ ಕಟಕ್ ಅಂತ ನಿಂತೀತು ಅಂತ ಮಾಡಿದ್ದೆ. ಇಳಿಜಾರಿನತನಕ ತಡೀತೈತಿ ಅಂತ ಯಾರಿಗೆ ಗೊತ್ತು? ಮನಷ್ಯಾ ಸಾಯ್ಲಿ ಅಂತಲ್ಲೋ. ದುರುಗಪ್ಪನ ಹಾಡು ನಾನೂ ಕೇಳಿದಾವ."

"ಎಲ್ಲಿ ತಿರುವಿದ್ರಿ?"

"ಪಾಮನಕಲ್ಲೂರಾಗ. ನಾ ಹಳೇ ಇಂಜಿನ್ ನೋಡಾಕ ಹೋಗಿದ್ದೆ. ಅವ ಹುಲ್ಲ ಇಳಿಸಿ ಚಾದಂಗಡಿಯೊಳಗ ಕುಂತಿದ್ದ. ಬಲಗಡೀ ತಂತಿ ಬಿಚ್ಚಾಕ ನೋಡಿದೆ, ಸುಡುಗಾಡು, ಬಿಚ್ಚಿದಷ್ಟು ಬಿಗೀತು. ಅಡಕತ್ತರಿಲೆ ಕತ್ತರಿಸಿದೆ. ಸುಣ್ಣದ ಡಬ್ಬಿ ಮುಚ್ಚಳ ತುರುಕಿ ತಿರುವಿದೆ."

"ಆಮ್ಯಾಲ ಎಡಗಡೀದು."

ಕರಿಬಸಯ್ಯ ಸುಣ್ಣದ ಡಬ್ಬಿಯ ಮುಚ್ಚಳ ಹಾಕಿದರು.

"ಆಮ್ಯಾಲ ಎಡಗಡೀದು ತಿರುವಿದ್ರಿ. ಹೌದಲ್ಲ?"

"ಇಲ್ಲ."

"ಇಲ್ಲಂದ್ರ? ಒಂದ ಗಾಲಿ ಲಾಕ್ ಆದ್ರ ಏನೂ ಆಗಂಗಿಲ್ಲ ಅಯ್ಯನೋರ. ಇನ್ನೊಂದು ಫ್ರೀ ಇದ್ರ ಎಲ್ಲಾ ಬಲ ಆ ಕಡೀ ಖಾಲಿ ತಿರುಗಿ ಹೋಗತೈತಿ. ಗಾಡಿ ಆರಾಮ ಸಿಂಧನೂರಿಗೆ ಹೋಗಿ ಮಲಗ್ತಿತ್ತು. ಎರಡೂ ಲಾಕ್ ಆದ್ರ ಮಾತ್ರ ಕೊಲ್ತೈತಿ. ನೀವು ಗುಜರಿಯಾಗ ಹುಟ್ಟಿ ಬೆಳದಾವ್ರು, ನಿಮಗ ಗೊತ್ತಿಲ್ಲೇನು?"

"ಗೊತ್ತೈತಿ. ಅದಕ್ಕ ಆ ಕಡೀಗೂ ಹೋದೆ." ಅಯ್ಯನವರ ದನಿ ಪಿಸುಮಾತಾಯಿತು. "ಬಗ್ಗಿ ನೋಡಿದೆ. ತಂತಿ ಇದ್ದಿದ್ದಿಲ್ಲ. ಬಿಲ್ಲೆ ಆಗಲೇ ಲಾಕ್ ಮ್ಯಾಲ ಇತ್ತು."

ಹೊರಗೆ ರಸ್ತೆಯಲ್ಲಿ ಬಸ್ಸುಗಳು, ಬಂಡಿಗಳು, ಬಾಳೆಹಣ್ಣಿನವನ ಕೂಗು ಎಲ್ಲ ಒಂದು ಕ್ಷಣ ಬಾವಿಯೊಳಗೆ ಬಿದ್ದ ಹಾಗಾಯಿತು.

"ಸುಳ್ಳು."

"ಸುಳ್ಳಲ್ಲೋ."

"ಸುಳ್ಳ ಹೇಳಬ್ಯಾಡ್ರಿ!"

ಕರಿಬಸಯ್ಯ ಅಂಗಿಯೊಳಗೆ ಕೈ ಹಾಕಿ ಕೊರಳಿನ ಲಿಂಗವನ್ನು ಹೊರಗೆ ತೆಗೆದು ಅಂಗೈಯಲ್ಲಿ ಹಿಡಿದರು. ಆಕ್ಸಲ್ ಮಾರುವಾಗ ಅವರು ಆ ಕೈಯನ್ನು ಎದೆಯ ಹತ್ತಿರಕ್ಕೂ ತರುವವರಲ್ಲ. "ಇದನ್ನ ಮುಟ್ಟಿ ಹೇಳ್ತೀನಿ. ನಾ ತಿರುವಿದ್ದು ಒಂದ. ಅರ್ಧ ಕೆಲಸ ದೇವ್ರ ಮಾಡಿಟ್ಟಾನ ಅಂತ ಖುಷಿ ಆಗಿ ಬಂದ್ನೋ ಪಾಪಿ ನಾನು. ದುರುಗಪ್ಪನ ತಿರುವಿರಬೌದು ಅಂದ್ಕೊಂಡೆ. ಸುದ್ದಿ ಬಂದಾಗಿಂದ ಅನ್ನ ಇಳಿವಲ್ದು."

"ತಂತಿ ಕತ್ತರಿಸಿ ಬಿದ್ದಿತ್ತೇನು ಅಲ್ಲಿ?"

"ಚೂರು ಸುದ್ದಾ ಇದ್ದಿಲ್ಲ. ಬಿಚ್ಚಿ ಒಯ್ದಂಗಿತ್ತು."

ಬಿಚ್ಚಿ. ಆ ಒಂದು ಮಾತಿಗೆ ಅಮರಗುಂಡಪ್ಪನ ಕಾಲ ಕೆಳಗಿನ ಲಿಂಗಸುಗೂರು ಒಂದು ಮಾರು ಕುಸಿಯಿತು. ಉಸ್ಮಾನ್‌ಸಾಬನ ಗಂಟನ್ನು ಯಾರೂ ಬಿಚ್ಚಲಾರರು. ಉಸ್ಮಾನ್‌ಸಾಬ್ ಬಿಟ್ಟು.

"ಅಲ್ಲಿ ಮತ್ತ ಯಾರಿದ್ರು?"

"ಕುರಿ ಕಾಯೋರು ನಾಕ ಮಂದಿ, ನೆಳ್ಳಿಗೆ ಕುಂತಿದ್ರು. ಮಾರಿ ತುಂಬ ಸೆರಗ ಹೊದ್ಕೊಂಡು ಒಬ್ಬಾಕಿ ಬಸ್ಸಿಗೆ ಕಾಯಾಕತ್ತಿದ್ಲು. ಮಿಸ್ತ್ರಿ ಇದ್ದಿಲ್ಲೋ. ಇದ್ರ ನಾ ಗಾಲಿ ಹತ್ರ ಹೋಗ್ತಿದ್ನೇನು?"

"ಅಂಗಡಿ ಬಿಟ್ಟು ಅಳ್ಳಾಡಬ್ಯಾಡ್ರಿ" ಎಂದ ಅಮರಗುಂಡಪ್ಪ. ಅಡಕತ್ತರಿಯನ್ನು ವಲ್ಲಿಯಲ್ಲಿ ಸುತ್ತಿ ಬಗಲಿಗಿಟ್ಟುಕೊಂಡ. ಮದ್ದಿನ ಪೆಟ್ಟಿಗೆಯ ಮೇಲೆ ಅಯ್ಯನವರು ತಾವೂ ಮಾರಾಟಕ್ಕಿಟ್ಟ ಮುರಿದ ಸಾಮಾನಿನ ಹಾಗೆ ಕೂತಿದ್ದರು.

*

ಸಿಂಧನೂರಿನವರೆಗೂ ಅವನು ಬಸ್ಸಿನಲ್ಲಿ ಒಂದು ಮಾತಾಡಲಿಲ್ಲ. ಅಮರಗುಂಡಪ್ಪ ಸುಮ್ಮನೆ ಕೂತದ್ದನ್ನು ಕಂಡ ಕಂಡಕ್ಟರ್ ಎರಡು ಸಲ ಬಂದು ಮೂಗಿನ ಹತ್ತಿರ ಕೈಯಿಟ್ಟು ನೋಡಿಹೋದ.

ಗಾಡಿ ಗ್ಯಾರೇಜು ಬಿಡುವ ಮೊದಲೇ ಉಸ್ಮಾನ್‌ಸಾಬ್ ಎಡಗಡೆ ಬಿಲ್ಲೆ ತಿರುವಿ ಕಳಿಸಿದನೇ? ಒಂದೇ ಗಾಲಿ ತಿರುವಿದರೆ ಏನೂ ಆಗುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಎರಡನ್ನೂ ತಿರುವಬೇಕೆಂದವನು ಒಂದಕ್ಕೇ ಏಕೆ ನಿಲ್ಲಿಸಿದ? ಹಳ್ಳ ದಾಟುವಾಗ ಯೋಚನೆ ಹಾಗೆ ತಿರುಗಿತು, ಗೊರೇಬಾಳದ ಕಾಲುವೆ ಬಂದಾಗ ಹೀಗೆ ತಿರುಗಿತು, ಬಸ್ ಸ್ಟ್ಯಾಂಡಿನಲ್ಲಿ ಸುಸ್ತಾಗಿ ನಿಂತಿತು.

ಬಿಸಿಲು ಹಳದಿಯಾಗಿತ್ತು. ಗ್ಯಾರೇಜಿನ ತಗಡಿನ ಚಪ್ಪರದ ಹಿಂದೆಯೇ ಮನೆ. ಗದ್ದೆಮ್ಮನ ಲಾರಿಯ ಮುರಿದ ಹಳೆಯ ಆಕ್ಸಲ್ ಇನ್ನೂ ಅಂಗಳದಲ್ಲಿ ಸತ್ತ ಮೊಸಳೆಯ ಹಾಗೆ ಬಿದ್ದಿತ್ತು. ದಾವಲ್‌ಬೀ ಹೊಸ್ತಿಲ ಮೇಲೆ ಊಟದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆಗಷ್ಟೇ ಲಿಂಗಸುಗೂರಿನಿಂದ ಬಂದವಳು. ಡಬ್ಬಿ ತುಂಬಿದ ಹಾಗೇ ಇತ್ತು.

"ಉಂಡಿಲ್ರಿ ಅಣ್ಣಾರ. ಒಂದ ತುತ್ತು ಮುಟ್ಟಿಲ್ಲ."

"ಯಾಕ್ ತಂಗಿ? ಏನಾತು?"

"ಒಪ್ಕೊಂಡಾರ." ಅವಳ ಕಣ್ಣುಗಳು ಒಣಗಿದ್ದವು. "ಎರಡೂ ಗಾಲಿ ನಾನ ತಿರುವೀನಿ, ದುರುಗಪ್ಪನ ಮ್ಯಾಲಿನ ಸಿಟ್ಟಿಗೆ ತಿರುವೀನಿ ಅಂದಾರಂತ. ನಾಳೆ ಜಡ್ಜ್ ಮುಂದೂ ಅದನ್ನ ಹೇಳ್ತಾರಂತ."

ಅಮರಗುಂಡಪ್ಪ ಅಂಗಳದ ಆಕ್ಸಲಿನ ಮೇಲೆ ಧೊಪ್ಪನೆ ಕೂತ.

ಎರಡೂ ಗಾಲಿ? ಸುಳ್ಳು! ಒಂದನ್ನು ತಿರುವಿದವನ ಅಡಕತ್ತರಿ ಅಮರಗುಂಡಪ್ಪನ ಬಗಲಲ್ಲೇ ಇತ್ತು. ಮಾಡದ ಕೆಲಸವನ್ನು ಮಾಡಿದೆನೆಂದು ಒಬ್ಬ ಗಂಡಸು ನೇಣಿಗೆ ಕೊರಳು ಕೊಡುತ್ತಾನೆಂದರೆ, ಆ ಕೊರಳಿನ ಹಿಂದೆ ಇನ್ನೊಂದು ಕೊರಳು ಇರಬೇಕು. ಯಾರದು?

"ಇವತ್ತು ನೀ ಅವನ ಕೂಡ ಮಾತಾಡಿದ್ಯೇನು?"

"ಮುಂಜಾನೆ ಬಾಗಿಲ ಹತ್ರ ಒಂದ ಗಳಿಗಿ ಬಿಟ್ರು. ಆಮ್ಯಾಲ ಒಪ್ಕೊಂಡಾರ. ಯಾಕಂತ ನಾ ಏನ್ ಹೇಳ್ಲಿ?" ಅವಳು ಎದ್ದಳು. "ನಿಮ್ಮ ಮಾರಿ ಸುಟ್ಟಂಗಾಗೈತಿ. ಚಾ ಕುಡೀರಿ ಮೊದಲ."

ದಾವಲ್‌ಬೀಯ ಚಹಾ ಕುಡಿದು ಗುಲ್ಬರ್ಗಾದವರೆಗೆ ಗಾಡಿ ಓಡಿಸಿದ ಡ್ರೈವರುಗಳು ರೆಪ್ಪೆ ಬಡಿಯುವುದನ್ನೇ ಮರೆತು ಬರುತ್ತಿದ್ದರು. ಅವಳು ಕಿಟ್ಲಿಯನ್ನು ಒಲೆಯಿಂದ ಇಳಿಸಿ ಅವನ ಮುಂದಿಟ್ಟು, ಬಸಿ ತರಲು ಒಳಗೆ ಹೋದಳು. ಒಳಗಿನಿಂದ ಕೇಳಿದಳು:

"ಮಸ್ಕ್ಯಾಗ ಏನರ ಸಿಕ್ತೇನ್ರಿ?"

"ಸಿಕ್ತು ತಂಗಿ. ಒಂದ ಗಾಲಿ ಯಾರು ತಿರುವಿದ್ರಂತ ಸಿಕ್ತು."

ಬಸಿಗಳ ಸಪ್ಪಳ ನಿಂತಿತು.

"ಒಂದ?"

"ಇನ್ನೊಂದು ಸಿಗಬೇಕು. ಎಲ್ಲಾ ಪಾಮನಕಲ್ಲೂರಿನಾಗ ಆಗೈತಿ. ನಿನ್ನ ತವರಮನಿ ಅಲ್ಲೇ ಅಲ್ಲೇನು? ನಿಮ್ಮವರನ್ನ ಕೇಳಿದ್ರ ಆ ಹೊತ್ತು ಯಾರ್ಯಾರು ಇದ್ರಂತ ಗೊತ್ತಾದೀತು."

"ರಂಜಾನ್ ಆದಮ್ಯಾಲ ಆ ಕಡೀ ಹೋಗೇ ಇಲ್ರಿ ಅಣ್ಣಾರ ನಾನು."

ಅಮರಗುಂಡಪ್ಪ ಸುಟ್ಟ ನಾಲಿಗೆಗೆ ನೀರು ಬೇಕಾಗಿ ಬಿಂದಿಗೆ ಹುಡುಕಿದ. ದಾರಿಗೆ ಅಡ್ಡವಾಗಿದ್ದ ಕಿಟ್ಲಿಯನ್ನು ಪಕ್ಕಕ್ಕೆ ಸರಿಸಲು ಹಿಡಿಕೆ ಹಿಡಿದ. ಕೈ ಸುಡಲಿಲ್ಲ. ಹಿಡಿಕೆಗೆ ಒತ್ತೊತ್ತಾಗಿ ತಂತಿ ಸುತ್ತಿತ್ತು. ಆ ಮನೆಯಲ್ಲಿ ಹಾಗೇ. ಲಾಟೀನಿನ ಕಿವಿ, ಬಕೀಟಿನ ಬಳೆ, ಕಿಟಕಿಯ ಚಿಲಕ, ಎಲ್ಲದಕ್ಕೂ ಮಿಸ್ತ್ರಿಯ ತಾಮ್ರದ ತಂತಿ. ಮಿಸ್ತ್ರಿಯ ಮನೆಯಲ್ಲಿ ಒಂದು ಗೇಣು ತಂತಿಯನ್ನು ಯಾರೂ ಬಿಸಾಡುವುದಿಲ್ಲ. ಗಂಡ ಕಲಿಸಿದ್ದು, ಹೆಂಡತಿ ಕಲಿತದ್ದು. ಕೈ ತಾನಾಗಿ ಎತ್ತಿಡುತ್ತದೆ.

ಇದು ತಾಮ್ರವಲ್ಲ.

ಅವನ ಹೆಬ್ಬೆರಳು ಸುರುಳಿಯ ಮೇಲೆ ನಿಧಾನವಾಗಿ ಹೋಯಿತು. ತೆಳುವಾದ ಹಿತ್ತಾಳೆ. ಸುರುಳಿಯ ಸಂದಿಯಲ್ಲಿ ಕೆಂಪು. ಅವನು ಬೆರಳನ್ನು ಬೆಳಕಿಗೆ ಹಿಡಿದ. ಕುಂಕುಮ.

ಪಾಮನಕಲ್ಲೂರಿನಲ್ಲಿ ಮಾರಿ ತುಂಬ ಸೆರಗು ಹೊದ್ದು ಬಸ್ಸಿಗೆ ಕಾಯುತ್ತಿದ್ದವಳು ಅವನ ಕಣ್ಣ ಮುಂದೆ ಬಂದು ನಿಂತಳು.

ಹೊಸದಾಗಿ ಸುತ್ತಿದ್ದು. ಮಸಿ ಹಿಡಿದಿರಲಿಲ್ಲ. ಇಡೀ ತುಂಡು, ನಡುವೆ ಎಲ್ಲೂ ಕತ್ತರಿಸಿರಲಿಲ್ಲ. ಅವನು ಕೊನೆಯನ್ನು ಹುಡುಕಿ, ಉಗುರಿನಿಂದ ಎತ್ತಿ, ಬಿಚ್ಚಲು ರೂಢಿಯ ಹಾಗೆ ತಿರುವಿದ. ತಂತಿ ಬಿಗಿಯಿತು. ಇನ್ನೊಮ್ಮೆ ತಿರುವಿದ. ಇನ್ನಷ್ಟು ಬಿಗಿಯಿತು. ಹಿಂದೆ ಹೆಜ್ಜೆಯ ಸಪ್ಪಳವಾಗಲಿಲ್ಲ. ಸೀರೆಯ ಗಾಳಿ ಮಾತ್ರ ಕುತ್ತಿಗೆಗೆ ತಾಗಿತು.

"ಬಿಚ್ಚಬ್ಯಾಡ್ರಿ ಅಣ್ಣಾರ" ಎಂದಳು ದಾವಲ್‌ಬೀ, ಬಸಿ ಕೆಳಗಿಡುತ್ತ. "ಅದು ಎಡಕ್ಕ ಸುತ್ತಿದ್ದು. ನಿಮಗ ಬರಂಗಿಲ್ಲ."